ಸದ್ದಿಲ್ಲದೆ ಬೆಳೆಯುವ ಬಡ್ಡಿ

“ವಯಸ್ಸಾಯಿತಲ್ಲ, ಬಿ.ಪಿ. ಇದ್ದೇ ಇರುತ್ತದೆ.” ಬೇಸಗೆಯಲ್ಲಿ ಸೆಕೆ ಇದ್ದೇ ಇರುತ್ತದೆ ಎಂಬಷ್ಟೇ ಸಲೀಸಾಗಿ ಈ ಮಾತನ್ನು ನಾವು ಆಡುತ್ತೇವೆ, ಕೇಳುತ್ತೇವೆ, ಮರೆಯುತ್ತೇವೆ. ಮಿಲ್ಲಿನ ಗೇಟಿನಲ್ಲಿ, ಸಂತೆಯಲ್ಲಿ, ಮದುವೆಯ ಚಪ್ಪರದಲ್ಲಿ ಇದೇ ಮಾತು. ಹೇಳಿದವನು ಸಮಾಧಾನ ಹೇಳಿದೆನೆಂದು ತಿಳಿಯುತ್ತಾನೆ. ಕೇಳಿದವನು ಸಮಾಧಾನ ಸಿಕ್ಕಿತೆಂದು ತಿಳಿಯುತ್ತಾನೆ. ಅಲ್ಲಿಗೆ ಇಬ್ಬರೂ ಆಸ್ಪತ್ರೆಯ ದಾರಿಯನ್ನು ಮರೆತಂತಾಯಿತು.

ಈ ಮಾತಿನಲ್ಲಿ ಅರ್ಧ ನಿಜವಿದೆ, ಅದರಿಂದಲೇ ಅಪಾಯ ಹೆಚ್ಚು. ವಯಸ್ಸಾದಂತೆ ರಕ್ತದ ಒತ್ತಡ ಏರುವುದು ಸಾಮಾನ್ಯವೆಂಬುದು ನಿಜ. ಸಾಮಾನ್ಯವಾದುದೆಲ್ಲ ನಿರಪಾಯವೆಂಬುದು ಸುಳ್ಳು. ಸಾಲವೂ ನಮ್ಮಲ್ಲಿ ಸಾಮಾನ್ಯವೇ. ಹಾಗೆಂದು ಸಾಲ ಒಳ್ಳೆಯದೆಂದು ಯಾರೂ ಹೇಳುವುದಿಲ್ಲ. ಏರಿದ ರಕ್ತದ ಒತ್ತಡ ಲೇವಾದೇವಿಗಾರನ ಬಡ್ಡಿಯಂಥದು. ಅದು ಬೆಳೆಯುವಾಗ ಸದ್ದು ಮಾಡುವುದಿಲ್ಲ. ಈ ತಿಂಗಳು ತಿಳಿಯುವುದಿಲ್ಲ, ಬರುವ ತಿಂಗಳೂ ತಿಳಿಯುವುದಿಲ್ಲ; ಮನೆ ಹರಾಜಿಗೆ ಬಂದ ದಿನ ತಿಳಿಯುತ್ತದೆ. ಆ ಹರಾಜಿನ ದಿನಕ್ಕೆ ನಮ್ಮ ಜನ ಇಟ್ಟ ಹೆಸರು ಲಕ್ವ.

ಲಕ್ವ ಹೊಡೆದ ಮನೆಯನ್ನು ನೋಡದವರು ನಮ್ಮ ಕೇರಿಗಳಲ್ಲಿ ಯಾರೂ ಇಲ್ಲ. ನಿನ್ನೆಯವರೆಗೆ ಮಗ್ಗದ ಮುಂದೆ ನಿಂತಿದ್ದ ಕೈ ಇಂದು ತುತ್ತನ್ನು ಬಾಯಿಗೆ ಒಯ್ಯಲಾರದು. ಹೆಂಡತಿ ಕೂಲಿ ಬಿಟ್ಟು ಹಾಸಿಗೆಯ ಬಳಿ ಕೂರುತ್ತಾಳೆ. ಮಗಳು ಶಾಲೆ ಬಿಟ್ಟು ಒಲೆಯ ಮುಂದೆ ಕೂರುತ್ತಾಳೆ. ಮೊದಲ ತಿಂಗಳಿನಲ್ಲಿ ಬಂಗಾರ ಹೋಗುತ್ತದೆ, ಎರಡನೆಯ ತಿಂಗಳಿನಲ್ಲಿ ಅಂಗಡಿಯ ಸರಕು ಹೋಗುತ್ತದೆ. ನಾನು ಮೇಷ್ಟರ ಕೆಲಸದಲ್ಲಿದ್ದಾಗ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ ಹುಡುಗಿಯರ ಪೈಕಿ ಕೆಲವರ ಮನೆಯ ಕಾರಣ ಇದೇ ಆಗಿತ್ತು. ಒಬ್ಬ ಮುದುಕನ ತೋಳಿಗೆ ಸಕಾಲದಲ್ಲಿ ಪಟ್ಟಿ ಸುತ್ತಿ ಅಳೆಯದೆ ಹೋದುದಕ್ಕೆ ಹತ್ತು ವರ್ಷದ ಮಗು ದಂಡ ತೆರುವುದು ನ್ಯಾಯವೇ?

ಒತ್ತಡವೆಂದರೇನು?

ಮಿಲ್ಲಿನವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹೃದಯ ನಿಮಿಷಕ್ಕೆ ಸುಮಾರು 70 ಸಲ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಪಂಪು. ಅದು ಹಿಂಡಿ ರಕ್ತವನ್ನು ನೂಕಿದಾಗ ರಕ್ತನಾಳಗಳ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕೆ. ಎರಡು ಬಡಿತಗಳ ನಡುವೆ ಅದು ಸಡಿಲಾದಾಗ ಉಳಿಯುವ ಒತ್ತಡ ಕೆಳಗಿನ ಅಂಕೆ. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನದು 140 ಅಥವಾ ಅದಕ್ಕೆ ಹೆಚ್ಚು, ಇಲ್ಲವೆ ಕೆಳಗಿನದು 90 ಅಥವಾ ಅದಕ್ಕೆ ಹೆಚ್ಚು ಇದ್ದರೆ ಒತ್ತಡ ಏರಿದೆಯೆಂದು ಅರ್ಥ. ಎರಡೂ ಏರಬೇಕೆಂದೇನೂ ಇಲ್ಲ. ಹೊಸ ರಬ್ಬರ್ ಕೊಳವೆ ನೀರು ನುಗ್ಗಿದಾಗ ಹಿಗ್ಗುತ್ತದೆ, ಹಳೆಯದು ಬಿರುಸಾಗಿ ನಿಲ್ಲುತ್ತದೆ. ವಯಸ್ಸಾದವರ ರಕ್ತನಾಳಗಳೂ ಹಾಗೆಯೇ ಬಿರುಸಾಗುವುದರಿಂದ ಅವರಲ್ಲಿ ಹಲವರಿಗೆ ಮೇಲಿನ ಅಂಕೆ ಮಾತ್ರ ಏರಿರುತ್ತದೆ. “ಕೆಳಗಿನದು ಸರಿಯಾಗಿದೆಯಲ್ಲ” ಎಂದು ಅವರು ಬೀಗುವಂತಿಲ್ಲ.

ಹೀಗೆ ವರ್ಷಗಟ್ಟಲೆ ಹೊಡೆತ ತಿಂದ ನಾಳ ಮಿದುಳಿನಲ್ಲಿ ಒಡೆದರೂ ಕಟ್ಟಿಕೊಂಡರೂ ಲಕ್ವ. ಹೃದಯದಲ್ಲಿ ಕಟ್ಟಿಕೊಂಡರೆ ಹೃದಯಾಘಾತ. ಮೂತ್ರಪಿಂಡದಲ್ಲಿ ಸವೆದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ಕಣ್ಣಿನಲ್ಲಿ ಕೆಟ್ಟರೆ ಕುರುಡು. ಇಷ್ಟೆಲ್ಲ ಆಗುವವರೆಗೆ ಬಹುಮಂದಿಗೆ ತಲೆನೋವೂ ಇರುವುದಿಲ್ಲ. ಆದುದರಿಂದ “ನನಗೆ ಏನೂ ತೊಂದರೆಯಿಲ್ಲ” ಎಂಬುದು ಒತ್ತಡವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅಳತೆಯೊಂದೇ ಸಾಕ್ಷಿ.

1923ರಲ್ಲಿ ಈ ದೇಶದಲ್ಲಿ ಬಾಯ್ಲರುಗಳಿಗೆಂದು ಕಾಯಿದೆ ಮಾಡಿದರು. ಒತ್ತಡದ ಮುಳ್ಳು ಸರಿಯಿಲ್ಲದೆ, ತಪಾಸಣೆಯಾಗಿ ಸರ್ಟಿಫಿಕೇಟು ಸಿಗದೆ ಬಾಯ್ಲರಿಗೆ ಬೆಂಕಿ ಹಾಕುವಂತಿಲ್ಲ. ಒಳ್ಳೆಯ ಕಾಯಿದೆ, ಅದು ಎಷ್ಟೋ ಪ್ರಾಣಗಳನ್ನು ಉಳಿಸಿದೆ. ಆದರೆ ಬಾಯ್ಲರಿನ ಒತ್ತಡವನ್ನು ಇಷ್ಟು ಎಚ್ಚರದಿಂದ ಅಳೆಯುವ ನಾವು ಆ ಬಾಯ್ಲರಿಗೆ ಸೌದೆ ಕೊಡುವ ಮನುಷ್ಯನ ಒತ್ತಡವನ್ನು ಅಳೆದೆವೇ? ಕಬ್ಬಿಣ ಸಿಡಿದರೆ ಮಾಲಿಕನಿಗೆ ನಷ್ಟ; ಮನುಷ್ಯ ಸಿಡಿದರೆ ಬದಲಿ ಕೆಲಸಗಾರ ಗೇಟಿನಲ್ಲೇ ಕಾದಿರುತ್ತಾನೆ. ವ್ಯತ್ಯಾಸವೆಲ್ಲ ಇಲ್ಲಿದೆ.

ಅಧ್ಯಕ್ಷನಿಗೆ ಸಿಗದ ಔಷಧಿ

ವಯಸ್ಸಾದವರಿಗೆ ಒತ್ತಡ ಇರುವುದೇ ಸರಿ ಎಂಬ ಮಾತು ಬರಿಯ ಹಳ್ಳಿಗರ ಮಾತಾಗಿರಲಿಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ವೈದ್ಯರೂ ಹಾಗೆಯೇ ನಂಬಿದ್ದರು. ಬಿರುಸಾದ ನಾಳಗಳಲ್ಲಿ ರಕ್ತ ಹರಿಯಬೇಕಾದರೆ ಹೆಚ್ಚಿನ ಒತ್ತಡ ಬೇಕೇಬೇಕು, ಅದನ್ನು ಇಳಿಸಬಾರದು ಎಂದು ಅವರ ವಾದ. ಇಳಿಸಲು ತಕ್ಕ ಔಷಧಿಯೂ ಆಗ ಇರಲಿಲ್ಲ.

1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಹಿಂದಿನ ವರ್ಷದ ಮಾರ್ಚಿಯಲ್ಲೇ ಅವರ ಒತ್ತಡ 186/108 ಇತ್ತು. ಕೊನೆಯ ದಿನ ವೈದ್ಯರು ಅಳೆದಾಗ 300/190. ಲೋಕದ ಅತ್ಯಂತ ಬಲಿಷ್ಠ ರಾಷ್ಟ್ರದ ಮುಖ್ಯಸ್ಥ, ಪಕ್ಕದಲ್ಲೇ ಹೃದಯತಜ್ಞ, ಆದರೂ ಏರುತ್ತಿರುವ ಅಂಕೆಯನ್ನು ನೋಡುತ್ತ ಕೂರುವುದರ ಹೊರತು ಹೆಚ್ಚಿನದೇನನ್ನೂ ಮಾಡಲಾಗಲಿಲ್ಲ.

ಆ ಕತ್ತಲೆಯಲ್ಲಿ ಮೊದಲ ದೀಪಗಳಲ್ಲೊಂದು ನಮ್ಮ ನಾಡಿನಿಂದಲೇ ಹೋಯಿತು. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಹಿಂದಿನಿಂದಲೂ ಬಲ್ಲರು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಅದನ್ನು ಒತ್ತಡದ ರೋಗಿಗಳಿಗೆ ಕೊಟ್ಟು ಕಂಡ ಫಲವನ್ನು 1949ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಕಂಪೆನಿಯೊಂದು ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿತು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ಇಂದು ಅದಕ್ಕಿಂತ ಸುರಕ್ಷಿತವಾದ ಗುಳಿಗೆಗಳು ಬಂದಿವೆ. ಯಾರೂ ಬೇರು ಅರೆದು ಕುಡಿಯಲು ಹೋಗಬೇಕಾಗಿಲ್ಲ, ಹೋಗಲೂ ಬಾರದು.

ಔಷಧಿ ಬಂದ ಮೇಲೂ “ಮುದುಕರಿಗೆ ಏಕೆ?” ಎಂಬ ಪ್ರಶ್ನೆ ಉಳಿಯಿತು. ಅದಕ್ಕೂ ಉತ್ತರ ಸಿಕ್ಕಿದೆ. 1991ರಲ್ಲಿ ಅಮೆರಿಕದಲ್ಲಿ ಮುಗಿದ ಪರೀಕ್ಷೆಯೊಂದರಲ್ಲಿ 60 ವರ್ಷ ದಾಟಿದ, ಮೇಲಿನ ಅಂಕೆ ಮಾತ್ರ ಏರಿದ್ದ 4,736 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಅದರಂತೆ ಕಾಣುವ ಬರಿಯ ಗುಳಿಗೆ. ಔಷಧಿ ತೆಗೆದುಕೊಂಡವರಲ್ಲಿ ಲಕ್ವ ನೂರಕ್ಕೆ 36ರಷ್ಟು ಕಡಿಮೆಯಾಯಿತು. 2008ರಲ್ಲಿ ಇನ್ನೂ ಮುಂದೆ ಹೋಗಿ, ಹಲವು ದೇಶಗಳ 80 ವರ್ಷ ದಾಟಿದ 3,845 ಮಂದಿಯ ಪರೀಕ್ಷೆಯ ಫಲ ಹೊರಬಂತು. ಔಷಧಿ ತೆಗೆದುಕೊಂಡ ಗುಂಪಿನಲ್ಲಿ ಒಟ್ಟು ಸಾವು ನೂರಕ್ಕೆ 21ರಷ್ಟು ಕಡಿಮೆ. ಹೃದಯ ಸೋಲುವ ಕಾಯಿಲೆ ನೂರಕ್ಕೆ 64ರಷ್ಟು ಕಡಿಮೆ. ಎಂಬತ್ತು ದಾಟಿದವರಿಗೇ ಇಷ್ಟು ಲಾಭವಿರುವಾಗ ಐವತ್ತೈದು ಅರವತ್ತರ ನಮ್ಮ ಕೆಲಸಗಾರನಿಗೆ “ಇನ್ನೇನು, ವಯಸ್ಸಾಯಿತು” ಎಂದು ಹೇಳಲು ನಮಗೆ ಯಾವ ಹಕ್ಕಿದೆ?

ಗುಳಿಗೆಯ ಬೆಲೆಯನ್ನೂ ನೋಡೋಣ. ಒತ್ತಡಕ್ಕೆ ಇಂದು ಹೆಚ್ಚಾಗಿ ಕೊಡುವ ಔಷಧಿಗಳಲ್ಲಿ ಅಮ್ಲೋಡಿಪಿನ್ ಒಂದು. ಜನೌಷಧಿ ಅಂಗಡಿಯಲ್ಲಿ ಅದರ ಒಂದು ಗುಳಿಗೆ ಒಂದು ರೂಪಾಯಿಯೊಳಗೆ ಸಿಗುತ್ತದೆ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇಂಥ ಔಷಧಿಯನ್ನು ಬಿಟ್ಟಿಯಾಗಿ ಕೊಡುವ ಏರ್ಪಾಡಿದೆ. ಅಮೆರಿಕದ ಅಧ್ಯಕ್ಷನಿಗೆ 1945ರಲ್ಲಿ ಸಿಗದಿದ್ದುದು ಇಂದು ಅರ್ಧ ಲೋಟ ಚಹಾದ ಬೆಲೆಗಿಂತ ಕಡಿಮೆಗೆ ನಮ್ಮ ಬೀದಿಯ ಕೊನೆಯಲ್ಲಿ ಇದೆ. ಹಾಗಾದರೆ ತಡೆದಿರುವುದೇನು?

ನೂರು ಮೂಟೆಯಲ್ಲಿ 32 ಮೂಟೆ

2017-18ರಲ್ಲಿ ಮುಂಬಯಿಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮೊದಲಾದವು ಕೂಡಿ ದೇಶದಲ್ಲಿ ದೊಡ್ಡದೊಂದು ಸಮೀಕ್ಷೆ ನಡೆಸಿದವು. 45 ವರ್ಷ ದಾಟಿದವರ ಬಾಳನ್ನು ತಿಳಿಯುವುದು ಅದರ ಉದ್ದೇಶ. 72 ಸಾವಿರಕ್ಕೂ ಹೆಚ್ಚು ಮಂದಿಯನ್ನು ಅವರ ಮನೆಗಳಲ್ಲೇ ಕಂಡು ಮಾತನಾಡಿಸಿದರು, ರಕ್ತದ ಒತ್ತಡವನ್ನೂ ಅಳೆದರು. ನೂರು ಮಂದಿಯಲ್ಲಿ ಸುಮಾರು 46 ಮಂದಿಗೆ ಏರಿದ ಒತ್ತಡದ ಕಾಯಿಲೆ ಇತ್ತು.

ಈಗ ಕಾಯಿಲೆ ಇದ್ದವರನ್ನೇ ನೂರು ಎಂದು ಲೆಕ್ಕಕ್ಕೆ ಹಿಡಿಯೋಣ. ಆ ನೂರರಲ್ಲಿ ತನಗೆ ಕಾಯಿಲೆಯಿದೆಯೆಂದು ವೈದ್ಯರಿಂದ ತಿಳಿದವರು ಸುಮಾರು 56. ಔಷಧಿ ತೆಗೆದುಕೊಳ್ಳುತ್ತಿದ್ದವರು 39. ಒತ್ತಡ ಹತೋಟಿಯಲ್ಲಿ ಇದ್ದವರು 32.

ಸಣ್ಣ ವ್ಯಾಪಾರಿಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರು ಮೂಟೆ ಸರಕು ಲಾರಿಗೆ ಹೇರಿ ಕಳುಹಿಸಿ ಊರಿಗೆ 32 ಮೂಟೆ ತಲುಪಿದರೆ ಯಾವ ವ್ಯಾಪಾರಿ ಸುಮ್ಮನಿರುತ್ತಾನೆ? ದಾರಿಯಲ್ಲಿ ಎಲ್ಲೆಲ್ಲಿ ಸೋರಿತೆಂದು ಹುಡುಕುವುದಿಲ್ಲವೇ? ನಾವೂ ಹುಡುಕೋಣ.

ಮೊದಲನೆಯ ಸೋರಿಕೆ ಅತಿ ದೊಡ್ಡದು. 44 ಮಂದಿಗೆ ಕಾಯಿಲೆ ಇದೆಯೆಂಬುದೇ ತಿಳಿಯದು. ಏಕೆಂದರೆ ಯಾರೂ ಅಳೆದಿಲ್ಲ. ನಮ್ಮವರು ಆಸ್ಪತ್ರೆಗೆ ಹೋಗುವುದು ಜ್ವರ ಬಂದಾಗ, ಗಾಯವಾದಾಗ. ಅಲ್ಲಿಯೂ ಜನಜಂಗುಳಿ; ಜ್ವರಕ್ಕೆ ಬಂದವನಿಗೆ ಜ್ವರದ ಔಷಧಿ ಕೊಟ್ಟು ಕಳುಹಿಸುತ್ತಾರೆ. ತೋಳಿಗೆ ಪಟ್ಟಿ ಸುತ್ತಲು ಹೊತ್ತಿಲ್ಲ. ಹೀಗೆ ಆಸ್ಪತ್ರೆಯ ಮೆಟ್ಟಿಲನ್ನು ಹತ್ತು ಸಲ ಹತ್ತಿಳಿದವನೂ ತನ್ನ ಅಂಕೆ ತಿಳಿಯದೆ ಉಳಿಯುತ್ತಾನೆ. ಮನೆಯ ಹೆಂಗಸರ ಸ್ಥಿತಿ ಇನ್ನೂ ಕೆಟ್ಟದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಒತ್ತಡ ಏರುತ್ತದೆ. ಮುಪ್ಪಿನಲ್ಲಿ ಈ ವಿಷಯದಲ್ಲಿ ಗಂಡಸು ಹೆಂಗಸೆಂಬ ಭೇದವಿಲ್ಲ. ಆದರೆ ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯುವ ಹೆಂಡತಿ ತಾನು ಹೊರಗಿನ ಬೆಂಚಿನ ಮೇಲೆ ಕೂತು ಬರುತ್ತಾಳೆ.

ಎರಡನೆಯ ಸೋರಿಕೆ, ತಿಳಿದೂ ಔಷಧಿ ತೆಗೆದುಕೊಳ್ಳದ 17 ಮಂದಿ. ಇವರೊಡನೆ ಮಾತಾಡಿದರೆ ಕೆಲವು ಉತ್ತರಗಳು ಮತ್ತೆ ಮತ್ತೆ ಬರುತ್ತವೆ. “ಮೇಷ್ಟ್ರೇ, ತಲೆ ಸುತ್ತಿಲ್ಲ, ಎದೆ ನೋವಿಲ್ಲ, ಗುಳಿಗೆ ಯಾಕೆ?” ಎಂಬುದು ಒಂದು. ಅದಕ್ಕೆ ಉತ್ತರ ಮೇಲೆ ಹೇಳಿದೆ. “ಒಂದು ಸಲ ಹಿಡಿದರೆ ಸಾಯುವ ತನಕ ಬಿಡೋ ಹಾಗಿಲ್ಲವಂತೆ” ಎಂಬುದು ಇನ್ನೊಂದು. ಹೌದು, ಬಹುಮಂದಿಗೆ ಅದು ನಿಜ. ಆದರೆ ಅದು ಗುಳಿಗೆಯ ಚಟವಲ್ಲ, ಕಾಯಿಲೆಯ ಗುಣ. ಕಾಯಿಲೆ ಉಳಿದಿರುವವರೆಗೆ ಔಷಧಿ ಬೇಕು, ಅಷ್ಟೆ. “ಗುಳಿಗೆ ತಿಂದರೆ ಕಿಡ್ನಿ ಹೋಗುತ್ತದೆ” ಎಂಬುದು ಮೂರನೆಯದು. ಇದಂತೂ ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಹಿಡಿದಂತೆ. ಮೂತ್ರಪಿಂಡವನ್ನು ಕೆಡಿಸುವುದು ಹತೋಟಿಯಿಲ್ಲದ ಒತ್ತಡ; ಔಷಧಿ ಅದನ್ನು ಕಾಯಲು ಬಂದದ್ದು.

ಮೂರನೆಯ ಸೋರಿಕೆ, ಶುರು ಮಾಡಿ ನಡುವೆ ಬಿಡುವುದು. ಎರಡು ತಿಂಗಳು ಗುಳಿಗೆ ನುಂಗಿ ಅಳೆಸಿದಾಗ ಅಂಕೆ ಇಳಿದಿರುತ್ತದೆ. “ಈಗ ನಾರ್ಮಲ್ ಆಗಿದೆ” ಎಂದು ಗುಳಿಗೆ ನಿಲ್ಲಿಸುತ್ತಾರೆ. ಜಡಿಮಳೆಯಲ್ಲಿ ಕೊಡೆ ಹಿಡಿದು ಹೊರಟವನು ನಡುದಾರಿಯಲ್ಲಿ “ಮೈ ನೆನೆದೇ ಇಲ್ಲವಲ್ಲ, ಇನ್ನು ಕೊಡೆ ಏಕೆ?” ಎಂದು ಮಡಿಸಿದರೆ ಏನಾದೀತು? ನೆನೆಯದೆ ಇದ್ದುದು ಕೊಡೆಯಿಂದಲೇ. ಒಣಗಿದ ಮೈ ಮಳೆ ನಿಂತಿತೆಂಬುದಕ್ಕೆ ಗುರುತಲ್ಲ.

ದೋಷ ಯಾರದು?

ಇಷ್ಟನ್ನು ಹೇಳಿ “ನಮ್ಮ ಜನ ಅಜ್ಞಾನಿಗಳು” ಎಂದು ಕೈ ತೊಳೆದುಕೊಳ್ಳುವ ವಿದ್ವಾಂಸರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಔಷಧಿ ಬಿಟ್ಟವನನ್ನು ಬೈಯುವ ಮೊದಲು ಅವನ ದಿನಚರಿಯನ್ನು ನೋಡಬೇಕು.

ಆರೋಗ್ಯ ಕೇಂದ್ರ ತೆರೆಯುವುದು ಬೆಳಗ್ಗೆ, ಮುಚ್ಚುವುದು ಸಂಜೆಗೆ. ಹಗಲು ಪಾಳಿಯವನು ಅಲ್ಲಿಗೆ ಹೋಗಬೇಕಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ರಾತ್ರಿಪಾಳಿ ಮುಗಿಸಿ ಬಂದವನು ನಿದ್ದೆಗೆಟ್ಟು ಸಾಲಿನಲ್ಲಿ ನಿಲ್ಲಬೇಕು. ಕಿರಾಣಿ ಅಂಗಡಿಯವನು ಬಾಗಿಲು ಹಾಕಿ ಹೋದರೆ ಆ ಹೊತ್ತಿನ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ನಾಳೆಯೂ ಅಲ್ಲಿಗೇ ಹೋಗುತ್ತಾನೆ. ಇಷ್ಟು ಕಳೆದುಕೊಂಡು ಹೋದವನಿಗೆ ಹತ್ತು ದಿನದ ಗುಳಿಗೆ ಕೊಟ್ಟು “ಮತ್ತೆ ಬಾ” ಎಂದರೆ, ತಿಂಗಳಿಗೆ ಮೂರು ಸಲ ಹೋಗುವುದು ಯಾರಿಂದಾದೀತು? ಹೋದ ದಿನ “ಸ್ಟಾಕ್ ಇಲ್ಲ, ಹೊರಗೆ ತೊಗೊಳ್ಳಿ” ಎಂಬ ಉತ್ತರ ಸಿಕ್ಕರಂತೂ ಅಲ್ಲಿಗೆ ಮುಗಿಯಿತು. ಹೊರಗಿನ ಅಂಗಡಿಯಲ್ಲಿ ಅದೇ ಔಷಧಿ ದೊಡ್ಡ ಕಂಪೆನಿಯ ಹೆಸರಿನಲ್ಲಿ ಹಲವು ಪಟ್ಟು ಬೆಲೆಗೆ ಬರಬಹುದು. ಬಟವಾಡೆಯ ವಾರ ಕೊಂಡಾನು, ತಿಂಗಳ ಕೊನೆಯ ವಾರ ಅಕ್ಕಿಯೋ ಗುಳಿಗೆಯೋ ಎಂಬ ಪ್ರಶ್ನೆ ಬಂದಾಗ ಅಕ್ಕಿಯೇ ಗೆಲ್ಲುತ್ತದೆ. ಇದು ಅಜ್ಞಾನವಲ್ಲ, ಹೊಟ್ಟೆಯ ಲೆಕ್ಕ.

ಏರ್ಪಾಡು ಸರಿಯಾದರೆ ಜನ ಔಷಧಿ ಬಿಡುವುದಿಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 2017ರ ನವೆಂಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಕೇಂದ್ರ ಆರೋಗ್ಯ ಇಲಾಖೆ, ರಾಜ್ಯ ಸರಕಾರಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡಿ ಒತ್ತಡ ಹತೋಟಿಯ ಕಾರ್ಯಕ್ರಮವೊಂದನ್ನು ಹೊರಡಿಸಿದವು. ಪಂಜಾಬ್, ಮಧ್ಯಪ್ರದೇಶ, ಕೇರಳ, ತೆಲಂಗಾಣ, ಮಹಾರಾಷ್ಟ್ರಗಳ ಕೆಲವು ಜಿಲ್ಲೆಗಳಲ್ಲಿ ಅದು ಮೊದಲು ನಡೆಯಿತು. ಅಲ್ಲಿ ಹೊಸ ಔಷಧಿಯನ್ನೇನೂ ಕಂಡುಹಿಡಿಯಲಿಲ್ಲ. ಯಾವ ಗುಳಿಗೆಯಿಂದ ಆರಂಭಿಸಬೇಕು, ಸಾಲದಿದ್ದರೆ ಯಾವುದನ್ನು ಸೇರಿಸಬೇಕು ಎಂಬುದಕ್ಕೆ ಎಲ್ಲ ಕಡೆಗೂ ಒಂದೇ ಸರಳ ಕ್ರಮ ಮಾಡಿದರು. ಆ ಕೆಲವೇ ಔಷಧಿಗಳು ಉಗ್ರಾಣದಲ್ಲಿ ಮುಗಿಯದಂತೆ ನೋಡಿಕೊಂಡರು. ಪ್ರತಿ ರೋಗಿಯ ಲೆಕ್ಕ ಇಟ್ಟರು. ಅಳೆಯುವುದು, ಬರದವರನ್ನು ಕರೆಸುವುದು ಮೊದಲಾದ ಕೆಲಸವನ್ನು ದಾದಿಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಹಂಚಿದರು. 2022ರ ಹೊತ್ತಿಗೆ 23 ರಾಜ್ಯಗಳ 130ಕ್ಕೂ ಹೆಚ್ಚು ಜಿಲ್ಲೆಗಳಲ್ಲಿ 34 ಲಕ್ಷಕ್ಕೂ ಹೆಚ್ಚು ಮಂದಿ ಇದರಡಿ ಸರಕಾರಿ ಕೇಂದ್ರಗಳಲ್ಲಿ ಔಷಧಿ ಪಡೆಯುತ್ತಿದ್ದರು. ಆ ವರ್ಷ ವಿಶ್ವಸಂಸ್ಥೆಯ ಪ್ರಶಸ್ತಿಯೂ ಇದಕ್ಕೆ ಸಂದಿತು.

ನಮ್ಮ ರಾಜ್ಯದಲ್ಲೂ ಕೆಲಸ ನಡೆದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2022ರ ಡಿಸೆಂಬರಿನಲ್ಲಿ ಪಟ್ಟಣಗಳಲ್ಲಿ ನಮ್ಮ ಕ್ಲಿನಿಕ್‌ಗಳು ತೆರೆದವು. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಎಂಬ ಹೆಸರಿನಲ್ಲಿ ಮನೆಮನೆಗೆ ಹೋಗಿ ಅಳೆಯುವ ಯೋಜನೆ ಆರಂಭವಾಯಿತು. ಒಳ್ಳೆಯ ಹೆಜ್ಜೆಗಳು. ಆದರೆ ಯೋಜನೆಯ ಹೆಸರು ಗೋಡೆಯ ಮೇಲಿದ್ದರೆ ಸಾಲದು, ಗುಳಿಗೆ ಮುದುಕಿಯ ಕೈಯಲ್ಲಿರಬೇಕು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ವರದಿಯ ಪ್ರಕಾರ, ಒತ್ತಡವಿರುವ ಭಾರತೀಯರಲ್ಲಿ ಅರ್ಧದಷ್ಟು ಮಂದಿಗಾದರೂ ಹತೋಟಿ ಸಾಧ್ಯವಾದರೆ 2040ರೊಳಗೆ 46 ಲಕ್ಷ ಸಾವುಗಳನ್ನು ತಪ್ಪಿಸಬಹುದು. ಅರ್ಧವೆಂಬುದು ಆಗದ ಮಾತಲ್ಲ. ಕೆನಡಾ, ದಕ್ಷಿಣ ಕೊರಿಯಾಗಳು ಆ ಗೆರೆಯನ್ನು ದಾಟಿವೆ.

ಕೇಳಬೇಕಾದುದು

ಆದುದರಿಂದ ನಾವು ಕೇಳಬೇಕಾದುದು ದೊಡ್ಡ ಆಸ್ಪತ್ರೆಯನ್ನಲ್ಲ, ಸಣ್ಣ ಸಣ್ಣ ಸಂಗತಿಗಳನ್ನು.

ಒಂದು, ಒತ್ತಡ ಹತೋಟಿಗೆ ಬಂದವರಿಗೆ ಒಂದು ಸಲಕ್ಕೆ ಕಡಿಮೆಯೆಂದರೆ ಒಂದು ತಿಂಗಳಿನ ಗುಳಿಗೆ ಕೊಡಬೇಕು. ಎರಡು, ವಾರದಲ್ಲಿ ಒಂದು ದಿನವಾದರೂ ಆರೋಗ್ಯ ಕೇಂದ್ರ ಸಂಜೆ ಪಾಳಿ ಬಿಟ್ಟ ಮೇಲೆ, ಅಂಗಡಿ ಗಿರಾಕಿ ತೆಳುವಾದ ಮೇಲೆ ತೆರೆದಿರಬೇಕು. ಮೂರು, ಯಾವ ಕಾಯಿಲೆಗೆ ಬಂದರೂ ವಯಸ್ಕರೆಲ್ಲರ ಒತ್ತಡವನ್ನು ಚೀಟಿ ಬರೆಯುವ ಮೊದಲೇ ಅಳೆಯಬೇಕು.

ನಾಲ್ಕು, ಮಿಲ್ಲಿನ ಒಳಗಿನದು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಬಗ್ಗೆ ಕಾರ್ಮಿಕ ಸಂಘಗಳಿಗಿರುವ ತಕರಾರು ಬೇರೆ, ಅದನ್ನು ಬೇರೆಯಾಗಿಯೇ ಚರ್ಚಿಸೋಣ. ಆದರೆ 40 ವರ್ಷ ದಾಟಿದ ಕೆಲಸಗಾರರಿಗೆ ಮಾಲಿಕರು ವರ್ಷಕ್ಕೊಮ್ಮೆ ಬಿಟ್ಟಿ ಆರೋಗ್ಯ ತಪಾಸಣೆ ಮಾಡಿಸಬೇಕೆಂದು ಕೇಂದ್ರ ಸರಕಾರ ಅಂದು ಸಾರಿ ಹೇಳಿದೆ. ಆ ಮಾತನ್ನು ಕಾಗದದಿಂದ ಗೇಟಿಗೆ ತರುವುದು ನಮ್ಮ ಕೆಲಸ. ತಪಾಸಣೆ ಕೆಲಸದ ಹೊತ್ತಿನಲ್ಲೇ ಆಗಬೇಕು, ಫಲಿತಾಂಶದ ಚೀಟಿ ಕೆಲಸಗಾರನ ಕೈಗೆ ಬರಬೇಕು, ಒತ್ತಡ ಹೆಚ್ಚಿದೆಯೆಂಬ ನೆಪದಿಂದ ಯಾರನ್ನೂ ಕೆಲಸದಿಂದ ತೆಗೆಯಕೂಡದು. ಈ ಕೊನೆಯ ಮಾತು ಇಲ್ಲದಿದ್ದರೆ ಯಾರೂ ತೋಳು ಚಾಚುವುದಿಲ್ಲ.

ಐದು, ನಿವೃತ್ತರ ವಿಷಯ. ಇ.ಎಸ್.ಐ. ಎಂಬುದು ಗೇಟು ದಾಟಿದ ದಿನವೇ ಮುಗಿಯಿತೆಂದು ಎಷ್ಟೋ ಹಿರಿಯರು ತಿಳಿದಿದ್ದಾರೆ. ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ವಿಮೆಯಲ್ಲಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ತಮ್ಮ ಬಾಳಸಂಗಾತಿಗೂ ವೈದ್ಯಕೀಯ ನೆರವು ಪಡೆಯಲು ಇ.ಎಸ್.ಐ. ನಿಯಮಗಳು ಬಹುಕಾಲದಿಂದ ಅವಕಾಶ ಕೊಟ್ಟಿವೆ. ಹಳೆಯ ಕಾರ್ಡು, ನಿವೃತ್ತಿಯ ಕಾಗದ ಹಿಡಿದು ಶಾಖಾ ಕಚೇರಿಯಲ್ಲಿ ವಿಚಾರಿಸಿರಿ. ಸಣ್ಣ ವ್ಯಾಪಾರಿಗೆ ಈ ಆಸರೆಯೂ ಇಲ್ಲ. ಅವನಿಗೆ ಉಳಿದಿರುವುದು ಸರಕಾರಿ ಕೇಂದ್ರವೊಂದೇ. ಆದುದರಿಂದ ಅದನ್ನು ಸರಿಪಡಿಸಿಕೊಳ್ಳುವ ಹೋರಾಟದಲ್ಲಿ ವ್ಯಾಪಾರಿಯೂ ಕಾರ್ಮಿಕನೂ ಒಂದೇ ಸಾಲಿನಲ್ಲಿ ನಿಲ್ಲತಕ್ಕವರು.

ಮನೆಯಲ್ಲಿ ಮಾಡಬೇಕಾದುದು

ಹೋರಾಟದ ಫಲ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಉಪ್ಪಿನಿಂದ ಆರಂಭಿಸೋಣ. 1930ರಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಉಪ್ಪಿಗಾಗಿ ಕಾಯಿದೆ ಮುರಿದ ನಾಡು ನಮ್ಮದು. ಉಪ್ಪು ಬಡವನ ಹಕ್ಕು, ನಿಜ; ಆದರೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಯಷ್ಟರೊಳಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರಿನ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಖಾರ, ಮಿರ್ಚಿ ಎಲ್ಲವನ್ನೂ ಕೂಡಿಸಿದರೆ ನಾವು ಅದನ್ನು ಬಹಳ ದಾಟುತ್ತೇವೆ. ಊಟದ ಎಲೆಯ ಮೇಲೆ ಬೇರೆಯಾಗಿ ಉಪ್ಪು ಬಡಿಸುವ ಪದ್ಧತಿಯನ್ನು ಇಂದೇ ಬಿಡಬಹುದು. ಬೀಡಿ, ಹೊಗೆಸೊಪ್ಪು, ಸಾರಾಯಿಗಳ ಮಾತು ಹೇಳುವುದೇ ಬೇಡ. ಇನ್ನೊಂದು ಮಾತು ಹಲವರಿಗೆ ತಿಳಿಯದು. ಮಂಡಿನೋವಿಗೆ, ಬೆನ್ನುನೋವಿಗೆ ಅಂಗಡಿಯಿಂದ ತಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳಂಥ ನೋವಿನ ಗುಳಿಗೆಗಳು ಒತ್ತಡವನ್ನು ಏರಿಸುತ್ತವೆ. ಅವನ್ನು ವೈದ್ಯರನ್ನು ಕೇಳದೆ ತಿನ್ನಬಾರದು.

ಅಳೆಸುವಾಗಲೂ ಕ್ರಮವಿದೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಅಳೆಯುವಾಗ ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಸಿ ಎರಡನ್ನೂ ಬರೆದಿಡಬೇಕು. ವಯಸ್ಸಾದವರಿಗೆ ಔಷಧಿ ಶುರುವಾದ ಮೇಲೆ ಎದ್ದು ನಿಂತಾಗ ತಲೆ ತಿರುಗಿದರೆ ತಾವಾಗಿ ಗುಳಿಗೆ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು. ಅವರು ಅಳತೆ ಬದಲಿಸುತ್ತಾರೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಕಂಡರೂ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಕಟ್ಟಿದ ರಕ್ತವನ್ನು ಕರಗಿಸುವ ಸೂಜಿಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ಆ ಹೊತ್ತನ್ನು ನಾಟಿಮದ್ದಿನಲ್ಲಿ ಕಳೆಯಬಾರದು.

ತೋಳಿಗೆ ಸುತ್ತಿ ಅಳೆಯುವ ಬ್ಯಾಟರಿ ಯಂತ್ರ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಒಬ್ಬನಿಗೆ ಅದು ಭಾರ, ಒಂದು ಸಂಘಕ್ಕೆ ಭಾರವಲ್ಲ. ಗಣೇಶೋತ್ಸವದ ಚಂದಾ ಎತ್ತಿ ಬಲ್ಲ ಕೇರಿಗೆ ಇದೇನು ದೊಡ್ಡದು? ಪ್ರತಿ ಕಾರ್ಮಿಕ ಸಂಘವೂ ಪ್ರತಿ ವರ್ತಕರ ಸಂಘವೂ ಒಂದೊಂದು ಯಂತ್ರ ಕೊಳ್ಳಲಿ, ಓದು ಬಲ್ಲ ಹುಡುಗ ಹುಡುಗಿಯರಿಬ್ಬರಿಗೆ ಆಶಾ ಕಾರ್ಯಕರ್ತೆಯಿಂದ ಅಳೆಯುವ ಕ್ರಮ ಕಲಿಸಲಿ, ಒಂದು ನೋಟು ಪುಸ್ತಕ ಇಡಲಿ. ಉದ್ರಿ ಖಾತೆಯ ಬಾಕಿಯನ್ನು ಕಾಸಿನವರೆಗೆ ಬರೆದಿಡುವ ನಾವು ನಮ್ಮ ಹಿರಿಯರ ತೋಳಿನ ಎರಡು ಅಂಕೆಗಳನ್ನು ಬರೆದಿಡಲಾರೆವೇ?

ಬರುವ ಬಟವಾಡೆಯ ದಿನ ಮನೆಗೆ ಹೋದಾಗ ತಂದೆಯನ್ನೂ ತಾಯಿಯನ್ನೂ ಕೇಳಿರಿ: ಅಳೆಸಿದ್ದು ಯಾವಾಗ, ಅಂಕೆ ಎಷ್ಟು, ಗುಳಿಗೆ ಇನ್ನೆಷ್ಟು ದಿನಕ್ಕಿದೆ? ಉತ್ತರ ಬರದಿದ್ದರೆ ಮರುದಿನವೇ ಕರೆದುಕೊಂಡು ಹೋಗಿರಿ. ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಬೇಡಿರಿ, ಒಳಗೆ ಕರೆದೊಯ್ಯಿರಿ.